ಗೊಂಡೆಯ ಕಾಲುಗೂದಲು

ಆ ಚಳಿಗಾಲ ನಮ್ಮ ಮನೆಯಲ್ಲಿ ಜಗಳಕ್ಕೆ ಇದ್ದದ್ದು ಒಂದೇ ವಿಷಯ: ಕುದುರೆಯ ಕಾಲಿನ ಕೂದಲು ಕತ್ತರಿಸಬೇಕೋ ಬೇಡವೋ. ಬೇರೆಯವರ ಮನೆಗಳಲ್ಲಿ ಬೇಲಿಗಾಗಿ ಕಚ್ಚಾಡುತ್ತಾರೆ, ಆಸ್ತಿಗಾಗಿ ಮಾತು ಬಿಡುತ್ತಾರೆ. ನಾನೂ ನನ್ನ ಮಾವನೂ ನಾಲ್ಕು ಕಾಲಿಗಾಗಿ, ಅದೂ ನಮ್ಮಿಬ್ಬರದ್ದೂ ಅಲ್ಲದ ಕಾಲಿಗಾಗಿ, ಬೆಳಗಿನ ಚಹಾ ಆರಿ ತಣ್ಣಗಾಗುವ ತನಕ ಮಾತಿಗೆ ಮಾತು ಬೆಳೆಸುತ್ತಿದ್ದೆವು.

ನಾನು ಕೂದಲು ಕತ್ತರಿಸಿ ಬದುಕುವವಳು. ಮನೆಯ ಮುಂದಿನ ಕೋಣೆಯೇ ನನ್ನ ಪಾರ್ಲರು. ಒಂದು ತಿರುಗುವ ಕುರ್ಚಿ, ಎದುರಿಗೆ ಗೋಡೆಯುದ್ದ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಹಿಂದಿನ ಅಂಗಳ ದಾಟಿದರೆ ಕುದುರೆ ಲಾಯ. ಮುಂದಿನಿಂದ ಶಾಂಪೂ ವಾಸನೆ, ಹಿಂದಿನಿಂದ ಲಾಯದ ವಾಸನೆ, ಎರಡೂ ನಡುವಿನ ಅಡುಗೆಮನೆಯಲ್ಲಿ ಬಂದು ಸೇರುತ್ತವೆ. ಮದುವೆಯಾಗಿ ಬಂದ ಹೊಸದರಲ್ಲಿ ಮೂಗು ಹಿಡಿದುಕೊಂಡು ಊಟ ಮಾಡುತ್ತಿದ್ದೆ. ಈಗ ತವರಿಗೆ ಹೋದರೆ ಅಲ್ಲಿಯ ಊಟಕ್ಕೇ ಏನೋ ಕಡಿಮೆಯಾಗಿದೆ ಅನ್ನಿಸುತ್ತದೆ.

ಕುದುರೆಯನ್ನು ನಾವು ಕರೆಯುವುದು ಗೊಂಡೆ ಅಂತ. ದಿಮ್ಮಿ ಎಳೆಯುವ ಜಾತಿಯ ಹೆಣ್ಣು ಕುದುರೆ, ಎದೆ ಬಾಗಿಲಗಲ. ಮೊಣಕಾಲಿನಿಂದ ಕೆಳಕ್ಕೆ ಗೊರಸು ಮುಚ್ಚುವ ಹಾಗೆ ಬಿಳಿ ಕೂದಲು ಇಳಿಬಿದ್ದಿರುತ್ತದೆ. ಅದು ನಡೆದರೆ ನಾಲ್ಕು ಗೊಂಡೆಗಳು ನಡೆದ ಹಾಗೆ. ನನ್ನ ಗಂಡ ಅದನ್ನು ಕಟ್ಟಿಕೊಂಡು ಗುಡ್ಡದ ಕಾಡಿಗೆ ಹೋಗಿ, ಯಂತ್ರ ಹತ್ತಲಾರದ ಇಳಿಜಾರಿನಿಂದ ಕಡಿದ ಮರಗಳನ್ನು ರಸ್ತೆಗೆ ಎಳೆದು ತರುತ್ತಾನೆ. ಆ ಕೆಲಸ ಇರುವುದೇ ಚಳಿಗಾಲದಲ್ಲಿ. ಎಳೆಯುವಾಗ ಅದು ಬೆವರಿ ತೊಯ್ದು ತೊಪ್ಪೆಯಾಗುತ್ತದೆ, ನಿಂತರೆ ಆ ಬೆವರು ಮೈಮೇಲೇ ಕೊರೆಯುತ್ತದೆ. ಅದಕ್ಕೇ ಪ್ರತಿ ಚಳಿಗಾಲ ಅದರ ಕುತ್ತಿಗೆ, ಎದೆ, ಹೊಟ್ಟೆಯ ಕೂದಲನ್ನು ನಾನು ಯಂತ್ರ ಹಿಡಿದು ನುಣ್ಣಗೆ ತೆಗೆಯುತ್ತೇನೆ. ಕಾಲಿಗೆ ಮಾತ್ರ ಕೈ ಹಚ್ಚುವಂತಿರಲಿಲ್ಲ.

"ಮೈ ನಿಂದು, ಕಾಲು ನಂದು," ಎಂದು ಮಾವ ಮೊದಲ ವರ್ಷವೇ ಗಡಿ ಹಾಕಿದ್ದರು.

ಮಾವನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಅವರು ಕೆಟ್ಟವರಲ್ಲ. ಆದರೆ ಹುಟ್ಟಿದಾಗಿನಿಂದ ಒಂದು ಸಲವೂ ತಪ್ಪು ಮಾಡಿದವರಲ್ಲ. ಗಾಡಿ ಹೋಗಿ ಗೇಟಿಗೆ ತಾಗಿದರೆ ಗೇಟು ನಿಲ್ಲಿಸಿದವನಿಗೆ ಬುದ್ಧಿ ಇರಲಿಲ್ಲ. ಹಾಲು ಉಕ್ಕಿದರೆ ಪಾತ್ರೆ ಚಿಕ್ಕದು. ಮಗನ ಮದುವೆಗೆ ತಡವಾಗಿ ಬಂದಿದ್ದರು. ಆಗಲೂ ಮದುವೆಯನ್ನೇ ಬೇಗ ಇಟ್ಟುಕೊಂಡಿದ್ದೆವಂತೆ. ಸೊಂಟ ಕೈಕೊಟ್ಟ ಮೇಲೆ ಅವರು ಕಾಡಿಗೆ ಹೋಗುವುದು ನಿಂತಿತು. ಉಳಿದದ್ದು ಗೊಂಡೆಯ ಕಾಲು. ಸಂಜೆ ಅದು ಕೆಲಸ ಮುಗಿಸಿ ಬರುವ ಹೊತ್ತಿಗೆ ಬಿಸಿನೀರಿನ ಬಕೆಟ್ಟು ಇಟ್ಟುಕೊಂಡು, ಗಿಡ್ಡ ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದರು. ಒಂದೊಂದೇ ಕಾಲನ್ನು ನೀರು ತಿಳಿಯಾಗುವ ತನಕ ತೊಳೆದು, ಕೂದಲನ್ನು ಹಿಂಡಿ, ಬಾಚಿ, ಆಮೇಲೆ ಚಳಿ ತಾಗಬಾರದೆಂದು ದಪ್ಪ ಉಣ್ಣೆಯ ಪಟ್ಟಿ ಸುತ್ತುತ್ತಿದ್ದರು. ನನ್ನ ಪಾರ್ಲರಿನಲ್ಲಿ ಯಾವ ಗಿರಾಕಿಗೂ ಅಷ್ಟು ಉಪಚಾರ ಸಿಕ್ಕಿದ್ದಿಲ್ಲ.

ಆ ವರ್ಷ ಗೊಂಡೆ ಕಾಲು ಕುಟ್ಟತೊಡಗಿತು. ಮೊದಮೊದಲು ಸಂಜೆ ಹೊತ್ತು, ನಿಂತಲ್ಲೇ, ಯಾರೋ ಬಾಗಿಲು ತಟ್ಟಿದ ಹಾಗೆ. ಬರಬರುತ್ತ ಹಗಲೂ ಕುಟ್ಟಿತು. ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜಿಕೊಳ್ಳುವುದು, ಕುತ್ತಿಗೆ ತಿರುಗಿಸಿ ಹಿಂಗಾಲನ್ನು ಕಚ್ಚಲು ನೋಡುವುದು, ಲಾಯದ ಕಂಬಕ್ಕೆ ತಿಕ್ಕುವುದು. ಹಿಂಗಾಲು ಎರಡೂ ದಪ್ಪಗಾಗಿದ್ದವು. ಮಾವ ಇದನ್ನೆಲ್ಲ ಕೆಸರಿನ ತುರಿಕೆ ಎಂದು ಇನ್ನಷ್ಟು ತೊಳೆದರು. ಒಂದು ಬಕೆಟ್ಟು ಇದ್ದದ್ದು ಎರಡಾಯಿತು, ಸಂಜೆಗೆ ಇದ್ದದ್ದು ಬೆಳಿಗ್ಗೆಗೂ ಬಂತು.

"ಮಾವ, ಆ ಕೂದಲು ತೆಗೆದುಬಿಡೋಣ. ಒಳಗೆ ಏನಾಗಿದೆ ಅಂತಾದ್ರೂ ಕಾಣುತ್ತೆ," ಎಂದೆ ನಾನು.

"ಚಳಿಗಾಲದಲ್ಲಿ ಯಾರಾದ್ರೂ ಮನೆಯ ಮಾಡು ಕಿತ್ತು ಹಾಕ್ತಾರೇನಮ್ಮಾ? ಆ ಕೂದಲಿನ ಮೇಲೆ ಬಿದ್ದ ನೀರು ಜಾರಿಕೊಂಡು ಕೆಳಗೆ ಹೋಗುತ್ತೆ. ಅದನ್ನ ತೆಗೆದ್ರೆ ನೇರ ಚರ್ಮಕ್ಕೆ. ಕಾಡಲ್ಲಿ ಮುಳ್ಳು ಬೇರೆ. ಹೆಪ್ಪುಗಟ್ಟಿದ ಹಿಮ ಗಾಜಿನ ಥರ ಕುಯ್ಯುತ್ತೆ. ತಲೆ ಕತ್ತರಿಸಿದಷ್ಟು ಸುಲಭ ಅಲ್ಲ ಇದು."

"ತಲೆ ನಾನು ಕತ್ತರಿಸಲ್ಲ ಮಾವ, ಕೂದಲು ಕತ್ತರಿಸ್ತೀನಿ."

ನನ್ನ ಗಂಡ ರೊಟ್ಟಿಯಿಂದ ತಲೆ ಎತ್ತದೆ, "ಅದೂ ಸರಿ," ಎಂದ. ಅವನ ಸ್ವಭಾವವೇ ಅದು. ಕೊನೆಗೆ ಮಾತಾಡಿದವರು ಯಾರೋ ಅವರು ಹೇಳಿದ್ದು ಸರಿ. ಇಂಥವನನ್ನು ಕಟ್ಟಿಕೊಂಡರೆ ಜಗಳದಲ್ಲಿ ಕೊನೆಯ ಮಾತು ಬಿಡದಿರುವುದನ್ನು ಹೆಂಡತಿ ಬೇಗ ಕಲಿಯುತ್ತಾಳೆ. ಮಾವ ಅದನ್ನು ನನಗಿಂತ ಮೊದಲೇ ಕಲಿತಿದ್ದರು.

ಅವರು ಹೇಳಿದ್ದರಲ್ಲಿ ಹುರುಳಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಊರಿನಲ್ಲಿ ಕುದುರೆ ಸಾಕುವ ಎಷ್ಟೋ ಜನ ಚಳಿಗಾಲದಲ್ಲಿ ಮೈ ಬೋಳಿಸಿ ಕಾಲು ಬಿಡುತ್ತಾರೆ. ಅದು ಅನುಭವದ ಮಾತು. ಕಾಲಿನ ಕೂದಲು ಒಮ್ಮೆ ಹೋಯಿತೆಂದರೆ ಮತ್ತೆ ಆ ಉದ್ದ ಬರಲು ವರ್ಷವೇ ಹಿಡಿಯುತ್ತದೆ. ನಾನು ಅಂದುಕೊಂಡಿದ್ದು ಇಷ್ಟೇ: ಮಾವನಿಗೆ ಅದರ ಚೆಂದದ ಮೇಲೆ ಆಸೆ, ಅದಕ್ಕೆ ಈ ಹಟ. ಹಟ ಎಂದರೆ ನನಗೂ ಬರುತ್ತದೆ. ಅವರನ್ನು ಕೇಳದೆ ಕುದುರೆ ಡಾಕ್ಟರಮ್ಮನಿಗೆ ಫೋನು ಮಾಡಿದೆ.

ಡಾಕ್ಟರಮ್ಮ ಮೊಣಕಾಲುದ್ದ ರಬ್ಬರ್ ಬೂಟು ಹಾಕಿಕೊಂಡು ಬಂದರು. ಕಡಿಮೆ ಮಾತಿನ ಹೆಂಗಸು. ಗೊಂಡೆಯ ಹಿಂಗಾಲಿನ ಕೂದಲೊಳಗೆ ಬೆರಳು ತೂರಿಸಿ, ಕಣ್ಣು ಮುಚ್ಚಿಕೊಂಡು, ಎಷ್ಟೋ ಹೊತ್ತು ತಡವಿದರು. ಗೊಂಡೆ ಎರಡು ಸಲ ಕಾಲು ಕಿತ್ತುಕೊಂಡಿತು. ಮಾವ ಅದರ ತಲೆ ಹಿಡಿದು ನಿಂತಿದ್ದರು.

"ಗಂಟು ಗಂಟಾಗಿ ಕೈಗೆ ಸಿಗ್ತಾ ಇದೆ," ಎಂದರು ಡಾಕ್ಟರಮ್ಮ. "ಎರಡರಲ್ಲಿ ಒಂದಿರಬೇಕು. ಚರ್ಮದ ಮೇಲೆ ಹಕ್ಕಳೆ ಕಟ್ಟಿದ್ರೆ ಅದೂ ಹೀಗೇ ಗಂಟಿನ ಥರ ಸಿಗುತ್ತೆ. ನುಸಿ ಕಚ್ಚಿಯೋ, ಒದ್ದೆಯಿಂದ್ಲೋ ಬಂದಿರುತ್ತೆ. ಅದಾದ್ರೆ ಔಷಧಿ ಇದೆ, ವಾಸಿಯಾಗುತ್ತೆ. ಇಲ್ಲಾಂದ್ರೆ ಚರ್ಮಾನೇ ದಪ್ಪಗಾಗಿ ಮಡಿಕೆ ಬಿದ್ದಿರಬಹುದು. ಈ ಜಾತಿ ಕುದುರೆಗಳಿಗೆ ರಕ್ತದಲ್ಲೇ ಬರೋ ಕಾಯಿಲೆ ಅದು. ತಾಯಿಯಿಂದ ಮರಿಗೆ ಬರುತ್ತೆ. ಅದಕ್ಕೆ ಔಷಧಿ ಇಲ್ಲ. ಬರ್ತಾ ಬರ್ತಾ ನಡೆಯೋಕೇ ಆಗಲ್ಲ."

"ಆಮೇಲೆ?" ಎಂದು ಕೇಳಿದವಳು ನಾನೇ. ಕೇಳಬಾರದಿತ್ತು.

"ಆಮೇಲೆ ಅದನ್ನ ನೋವಲ್ಲಿ ಇಡೋದು ನ್ಯಾಯ ಅಲ್ಲ," ಎಂದರು. "ಕೂದಲು ತೆಗೀರಿ. ನೋಡಿದ್ರೆ ಒಂದು ನಿಮಿಷದಲ್ಲಿ ಹೇಳ್ತೀನಿ. ತೆಗೀದೆ ದೇವರು ಬಂದ್ರೂ ಹೇಳೋಕಾಗಲ್ಲ."

ಮಾವ ಹಗ್ಗ ನನ್ನ ಕೈಗೆ ಕೊಟ್ಟು ಅಂಗಳ ದಾಟಿ ಒಳಗೆ ಹೋದರು. ಡಾಕ್ಟರಮ್ಮ ಹೋದ ಮೇಲೆ ನಾನು ಹಿಂದೆಯೇ ಹೋಗಿ ಕೇಳಿದೆ. ಸಂಜೆ ನೋಡಿದರೆ ಮತ್ತೆ ಅದೇ ಬಕೆಟ್ಟು, ಅದೇ ಸ್ಟೂಲು.

"ಇನ್ನೊಂದು ವಾರ ನೋಡೋಣ," ಎಂದರು, ನನ್ನ ಕಡೆ ತಿರುಗದೆ. "ತೊಳೀತಾ ಇದ್ರೆ ಹೋಗುತ್ತೆ."

ನನಗೆ ಮೈ ಉರಿದುಹೋಯಿತು. ಚೆಂದಕ್ಕಾಗಿ ಒಂದು ಜೀವವನ್ನು ನರಳಿಸುತ್ತಾರಲ್ಲ, ಎಂಥಾ ಮನುಷ್ಯರಿವರು ಎಂದು ಗಂಡನ ಮುಂದೆ ಕೂಗಾಡಿದೆ. ಅವನು ಅದೂ ಸರಿ ಎಂದ. ಅವನ ಮೇಲೂ ಕೂಗಾಡಿದೆ.

ಆ ವಾರವೇ ಕಾಡಿನಲ್ಲಿ ಅದು ನಡೆಯಿತು. ನನ್ನ ಗಂಡ ಬಗ್ಗಿ ದಿಮ್ಮಿಗೆ ಸರಪಳಿ ಸಿಕ್ಕಿಸುತ್ತಿದ್ದ. ಗೊಂಡೆ ತುರಿಕೆ ತಡೆಯಲಾರದೆ ಹಿಂಗಾಲು ಝಾಡಿಸಿತು. ಗೊರಸು ತಾಗಲಿಲ್ಲ, ಸರಪಳಿ ಬೀಸಿಬಂದು ಅವನ ಮೊಣಕಾಲ ಕೆಳಗೆ ಹೊಡೆಯಿತು. ಮೂಳೆ ಮುರಿಯಲಿಲ್ಲ. ಪ್ಯಾಂಟು ಹರಿದು, ಕಾಲು ಬದನೆಕಾಯಿ ಬಣ್ಣಕ್ಕೆ ತಿರುಗಿ, ಕುಂಟುತ್ತ ಬಂದು ನನ್ನ ತಿರುಗುವ ಕುರ್ಚಿಯಲ್ಲಿ ಕೂತ. ಬೆಂಚಿನಲ್ಲಿ ಕಾಯುತ್ತಿದ್ದ ಹೆಂಗಸು ಅವನ ಕಾಲು ನೋಡಿ, ಇನ್ನೊಂದು ದಿನ ಬರುತ್ತೇನೆಂದು ಎದ್ದು ಹೋದಳು.

"ಬೇಕು ಅಂತ ಒದ್ದಿದ್ದಲ್ಲ ಅದು," ಎಂದ ಅವನು. "ಒದ್ದ ಮೇಲೆ ಅದೇ ಹೆದರಿಕೊಂಡು ನಡುಗ್ತಾ ಇತ್ತು ಪಾಪ. ನಾನೇ ಸಮಾಧಾನ ಮಾಡಿ ಕರಕೊಂಡು ಬಂದೆ."

ಅವನ ಕಾಲಿಗೆ ಐಸು ಕಟ್ಟಿ ಕೂರಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿದ ಹಾಗೆ ಏಪ್ರನ್ ಬಿಗಿದುಕೊಂಡು ಲಾಯಕ್ಕೆ ನಡೆದೆ. ಇವತ್ತು ಮಾವನೋ ನಾನೋ ಎಂದು ತೀರ್ಮಾನ ಮಾಡಿಕೊಂಡೇ ಹೋಗಿದ್ದೆ. ಹೇಳಬೇಕಾದ್ದೆಲ್ಲ ಅಂಗಳ ದಾಟುವಷ್ಟರಲ್ಲಿ ಸಾಲಾಗಿ ಜೋಡಿಸಿಕೊಂಡಿದ್ದೆ.

ಮಾವ ಹಿಂಗಾಲಿನ ಪಟ್ಟಿ ಬಿಚ್ಚಿ, ತೊಳೆಯದೆ ಸುಮ್ಮನೆ ಕೂತಿದ್ದರು. ಬಕೆಟ್ಟಿನ ನೀರಿನಿಂದ ಹಬೆ ಏಳುತ್ತಿತ್ತು. ಕೈ ಮಾತ್ರ ಕೂದಲ ಮೇಲಿತ್ತು.

"ಅವನಿಗೆ ಜೋರಾಗಿ ಏಟಾಯ್ತಾ?" ಎಂದು ಕೇಳಿದರು.

"ಉಳ್ಕೊಂಡ್ರು. ನಾಳೆ ಉಳೀತಾರೋ ಇಲ್ವೋ ಗೊತ್ತಿಲ್ಲ. ಈ ಚೆಂದ ಇಟ್ಕೊಂಡು ಏನ್ಮಾಡ್ತೀರಿ ಮಾವ? ನಿಮ್ಮ ಮಗನಿಗಿಂತ ಹೆಚ್ಚಾ ಇದು?"

"ಚೆಂದಕ್ಕಾ?" ಎಂದರು. ನಾನೇನೋ ಬೇರೆ ಭಾಷೆಯಲ್ಲಿ ಮಾತಾಡಿದೆನೇನೋ ಎಂಬಂತೆ ನನ್ನನ್ನೇ ನೋಡಿದರು. ಆಮೇಲೆ ಕಾಲಿನ ಕಡೆ ತಿರುಗಿ ಹೇಳಿದರು: "ಇದರ ತಾಯಿಗೂ ಹೀಗೇ ಶುರುವಾಗಿತ್ತಮ್ಮ. ಹೀಗೇ ಕುಟ್ಟೋದು, ಹೀಗೇ ದಪ್ಪಗಾಗೋದು. ಆಗಿನ ಡಾಕ್ಟ್ರೂ ಇದೇ ಮಾತು ಹೇಳಿದ್ರು, ತೆಗೀರಿ ನೋಡೋಣ ಅಂತ. ನಾನೇ ತೆಗೆದೆ. ಕತ್ತರಿ ಹಿಡಿದು ಈ ಜಾಗದಲ್ಲೇ ಕೂತು ತೆಗೆದೆ. ಒಳಗೆ ಚರ್ಮ ಎಲ್ಲ ಮಡಿಕೆ ಮಡಿಕೆ. ಡಾಕ್ಟ್ರು ನೋಡಿ ಒಂದೂ ಮಾತಾಡ್ಲಿಲ್ಲ. ಬ್ಯಾಗು ಮುಚ್ಚಿಬಿಟ್ರು. ಅಷ್ಟೇ. ಅದಾದ ಮೇಲೆ ಅದು ಬಹಳ ದಿನ ಇರ್ಲಿಲ್ಲ, ನಾವೇ ಇಂಜೆಕ್ಷನ್ ಕೊಡಿಸಿ ಕಳಿಸಿಕೊಟ್ವಿ. ನಿನ್ನ ಗಂಡ ಆಗ ಸ್ಕೂಲಿಗೆ ಹೋಗ್ತಿದ್ದ. ವಯಸ್ಸಾಗಿತ್ತು, ಹೋಯ್ತು ಅಂದ್ವಿ ಅವನಿಗೆ."

ನಾನು ಹುಲ್ಲಿನ ಕಂತೆಯ ಮೇಲೆ ಕೂತೆ.

"ತೆಗೆದ್ರೆ ಗೊತ್ತಾಗಿಬಿಡುತ್ತಮ್ಮ," ಎಂದರು ಮಾವ. "ತೆಗೀದೆ ಇದ್ರೆ ಕೆಸರಿನ ತುರಿಕೆ ಅಂದ್ಕೊಂಡು ತೊಳೀತಾ ಇರಬಹುದು."

ಗೊಂಡೆ ಒಂದು ಸಲ ಕುಟ್ಟಿತು, ಸುಮ್ಮನಾಯಿತು, ಮತ್ತೆ ಕುಟ್ಟಿತು. ನನಗೆ ಮಾವನ ಮೇಲೆ ಅಷ್ಟು ಅಕ್ಕರೆ ಬಂದದ್ದು ಅದೇ ಮೊದಲು. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮಿಬ್ಬರಿಗೂ ಇರಲಿಲ್ಲ.

"ಅದಕ್ಕೆ ಗೊತ್ತಲ್ಲ ಮಾವ," ಎಂದೆ ಕೊನೆಗೆ. "ನಮಗೆ ಗೊತ್ತಾಗದೆ ಇರ್ಲಿ ಅಂತ ಅದು ನೋವು ತಿಂತಾ ಇದೆ."

ಅವರು ಬಕೆಟ್ಟಿನ ನೀರನ್ನು ಅಂಗಳಕ್ಕೆ ಚೆಲ್ಲಿ ಬಂದರು. ಸೊಂಟಕ್ಕೆ ಕೈಯಿಟ್ಟು ನಿಂತು ಹೇಳಿದರು: "ನೀನೇ ತೆಗಿ. ಆ ಡಾಕ್ಟರ್ ಕೈಗೆ ಯಂತ್ರ ಕೊಡಬೇಡ. ನಿಂದು ಒಳ್ಳೇ ಕೈ. ನಾನು ಹೊರಗಿರ್ತೀನಿ. ನೋಡಲ್ಲ. ನೋಡಿ ನೀನೇ ಬಂದು ಹೇಳು."

ಅಷ್ಟು ದಿನ ತೆಗೆಯೋಣ ತೆಗೆಯೋಣ ಎಂದು ಕುಣಿದವಳು ನಾನು. ಅವರು ಹೂಂ ಅಂದ ಕ್ಷಣವೇ ನನಗೆ ಬೇಡ ಅನ್ನಿಸಿತು. ಇಷ್ಟು ದಿನ ಬೇಡ ಎನ್ನಲು ಅವರಿದ್ದರು, ನನಗೆ ಧೈರ್ಯ ಬಿಟ್ಟಿಯಾಗಿ ಸಿಗುತ್ತಿತ್ತು.

ಡಾಕ್ಟರಮ್ಮ ಮಾರನೆಯ ದಿನ ಮಧ್ಯಾಹ್ನ ಬಂದರು. ಮೋಡ ಕವಿದಿದ್ದರೂ ಬೆಳಕು ಚೆನ್ನಾಗಿತ್ತು. ಗೊಂಡೆಗೆ ಕುತ್ತಿಗೆಯಲ್ಲಿ ಮಂಪರಿನ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಅದರ ತಲೆ ತೂಗಿ ಕೆಳತುಟಿ ಜೋತುಬಿತ್ತು. ನನ್ನ ಗಂಡ ಕುಂಟುಗಾಲಿನಲ್ಲೇ ಬಂದು ಅದರ ಗಲ್ಲವನ್ನು ಹೆಗಲ ಮೇಲೆ ಇಟ್ಟುಕೊಂಡು ನಿಂತ. ಮಾವ ಲಾಯದ ಹೊರಗೆ, ಅರ್ಧ ಬಾಗಿಲ ಆಚೆ, ಬೆನ್ನು ತಿರುಗಿಸಿ ನಿಂತರು. ಅವರ ಟೋಪಿ ಮಾತ್ರ ನಮಗೆ ಕಾಣುತ್ತಿತ್ತು.

ನಾನು ಯಂತ್ರದ ಅಲಗಿಗೆ ಎಣ್ಣೆ ಬಿಟ್ಟು ಚಾಲೂ ಮಾಡಿದೆ. ಎಡ ಹಿಂಗಾಲಿನ ಹೊರಮೈಯಿಂದ ಶುರು. ಕೂದಲು ಒದ್ದೆಯಿದ್ದರೆ ಅಲಗು ಕಚ್ಚಿಕೊಳ್ಳುತ್ತದೆಂದು ಹಿಂದಿನ ಸಂಜೆಯಿಂದ ತೊಳೆಸಿರಲಿಲ್ಲ. ಮೇಲಿನ ಪದರ ಒಣಗಿತ್ತು, ಆದರೂ ಬುಡ ಇನ್ನೂ ತಣ್ಣಗೆ ತೇವವಾಗಿತ್ತು. ಬುಡದಲ್ಲಿ ಕಂಬಳಿಯ ಹಾಗೆ ಹೆಣೆದುಕೊಂಡು, ಹುಳಿ ವಾಸನೆ ಬರುತ್ತಿತ್ತು. ಯಂತ್ರ ನುಗ್ಗಲಿಲ್ಲ. ಅದನ್ನಿಟ್ಟು ಕತ್ತರಿ ತೆಗೆದುಕೊಂಡೆ. ಬಾಚಣಿಗೆಯಿಂದ ಎತ್ತುವುದು, ಕತ್ತರಿಸುವುದು, ಎತ್ತುವುದು, ಕತ್ತರಿಸುವುದು. ಬಿಳಿ ಕೂದಲು ಹುಲ್ಲಿನ ಮೇಲೆ ರಾಶಿ ಬಿತ್ತು. ಗಂಡ ಗೊಂಡೆಯ ಕಿವಿ ಸವರುತ್ತಿದ್ದ.

ಗೊರಸಿನ ಮೇಲಿನ ಗೆಣ್ಣಿನ ಹಿಂಭಾಗಕ್ಕೆ ಬಂದಾಗ ಬೆರಳಿಗೆ ಗಂಟುಗಳು ಸಿಕ್ಕವು. ಒಂದರ ಪಕ್ಕ ಒಂದು, ಗಟ್ಟಿಯಾಗಿ. ಡಾಕ್ಟರಮ್ಮನ ಮುಖ ನೋಡಿದೆ. ಅವರು ಬ್ಯಾಗಿನ ಕಡೆ ಹೋಗುತ್ತಾರೇನೋ ಎಂದು ಭಯ. ಅವರು ಬ್ಯಾಗಿನ ಕಡೆಗೇ ಹೋದರು. ಒಂದು ಸೀಸೆ ತೆಗೆದುಕೊಂಡು ಬಂದು, ಹತ್ತಿಯಲ್ಲಿ ಔಷಧಿ ನೆನೆಸಿ ಗಂಟಿನ ಮೇಲೆ ಒತ್ತಿ ಹಿಡಿದರು.

"ನೆನೀಲಿ," ಎಂದರು.

ಅರ್ಧ ಬಾಗಿಲ ಆಚೆಯ ಟೋಪಿ ಅಲ್ಲಾಡಲಿಲ್ಲ.

ಡಾಕ್ಟರಮ್ಮ ಹತ್ತಿ ತೆಗೆದು ಉಗುರಿನಿಂದ ಮೆಲ್ಲಗೆ ಎಬ್ಬಿಸಿದರು. ಗಂಟು ಎದ್ದು ಬಂತು. ದಪ್ಪ ಹಕ್ಕಳೆ, ಅಷ್ಟೇ. ಅದರ ಕೆಳಗೆ ಚರ್ಮ ಕೆಂಪಗೆ, ಹಸಿಯಾಗಿ, ನೋಡಿದರೇ ಉರಿಯುವಂತಿತ್ತು. ಆದರೆ ಸಮವಾಗಿತ್ತು. ಇನ್ನೊಂದು ಎಬ್ಬಿಸಿದರು, ಅದೂ ಹಾಗೇ. ಗೆಣ್ಣಿನ ಸುತ್ತ ಹೆಬ್ಬೆರಳು ಒತ್ತಿ ಒತ್ತಿ ನೋಡಿದರು. ಒಂದು ಹಕ್ಕಳೆಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ, ನನ್ನ ಕೈಗೆ ಕೊಟ್ಟರು. ಸೂಜಿಮೊನೆಯಷ್ಟು ಚುಕ್ಕೆಗಳು, ಹರಿದಾಡುತ್ತಿದ್ದವು.

"ನುಸಿ," ಎಂದರು. "ಮಡಿಕೆ ಇಲ್ಲ. ಒಂದೂ ಇಲ್ಲ. ಆ ಕಾಯಿಲೆ ಇದಕ್ಕೆ ಬಂದಿಲ್ಲ."

ನಾನು ಹುಲ್ಲಿನ ಮೇಲೆ, ಆ ಕೂದಲ ರಾಶಿಯ ಮೇಲೇ, ಧೊಪ್ಪನೆ ಕೂತೆ. ನನ್ನ ಗಂಡ ಗೊಂಡೆಯ ಕುತ್ತಿಗೆಗೆ ಮುಖ ಒತ್ತಿಕೊಂಡಿದ್ದ.

ಡಾಕ್ಟರಮ್ಮ ಇನ್ನೊಂದು ಹಕ್ಕಳೆ ಎಬ್ಬಿಸುತ್ತ ಹುಬ್ಬು ಗಂಟಿಕ್ಕಿದರು. "ನುಸಿ ಎಲ್ಲ ಕಡೆ ಇರುತ್ತೆ. ಆದರೆ ಚರ್ಮ ಇಷ್ಟು ಕೆಟ್ಟಿರೋದು ನುಸಿಯಿಂದ ಮಾತ್ರ ಅಲ್ಲ. ಇದು ತಿಂಗಳಾನುಗಟ್ಟಲೆ ಒದ್ದೆಯಲ್ಲೇ ನೆಂದು ಬೆಂದ ಚರ್ಮ. ಯಾರಾದ್ರೂ ದಿನಾ ತೊಳೀತೀರಾ ಇದನ್ನ?"

ನಾನೂ ಗಂಡನೂ ಮುಖ ಮುಖ ನೋಡಿಕೊಂಡೆವು. ತೊಳೆದು ಪಟ್ಟಿ ಸುತ್ತುವ ಮನುಷ್ಯ ಬಾಗಿಲ ಆಚೆ ನಿಂತಿದ್ದಾರೆ. ಅವರಿಗೆ ಉಳಿದಿರುವ ಕೆಲಸವೇ ಅದು. ನಾನು ಸುಳ್ಳು ಹೇಳಲು ಬಾಯಿ ತೆರೆದೆ. ಕೆಸರಿನಲ್ಲಿ ಕೆಲಸ, ಡಾಕ್ಟ್ರೇ, ಅದಕ್ಕೆ ಇರಬೇಕು, ಅಂತೇನೋ ಹೇಳುವುದರಲ್ಲಿದ್ದೆ.

"ನಾನು," ಎಂದಿತು ಬಾಗಿಲ ಆಚೆಯ ದನಿ.

ಮಾವ ಅರ್ಧ ಬಾಗಿಲು ತಳ್ಳಿ ಒಳಗೆ ಬಂದರು. ಕಾಲಿನ ಕಡೆ ಇನ್ನೂ ನೋಡಿರಲಿಲ್ಲ, ಡಾಕ್ಟರಮ್ಮನ ಮುಖವನ್ನೇ ನೋಡುತ್ತಿದ್ದರು.

"ದಿನಾ ತೊಳೀತೀನಿ. ಎರಡು ಹೊತ್ತು. ತೊಳೆದು ಉಣ್ಣೆ ಪಟ್ಟಿ ಸುತ್ತುತೀನಿ, ಥಂಡಿ ಆಗಬಾರದು ಅಂತ."

"ಒಣಗಿಸಿ ಸುತ್ತುತೀರಾ?"

"ಇಷ್ಟು ಕೂದಲು ಎಲ್ಲಿ ಒಣಗುತ್ತೆ?"

ಡಾಕ್ಟರಮ್ಮ ಮಾತು ಕಡಿಮೆಯಾದರೂ ಕಲ್ಲುಮನಸ್ಸಿನವರಲ್ಲ. "ಪ್ರೀತಿಯಿಂದ ಮಾಡಿದ್ದು ಬಿಡಿ," ಎಂದರು.

"ಪ್ರೀತಿ ವಿಷಯ ನಾನು ಕೇಳ್ಲಿಲ್ಲ ಡಾಕ್ಟ್ರೇ," ಎಂದರು ಮಾವ. ದನಿ ಗಡುಸಾಗಿತ್ತು. "ಇದು ಹೀಗಾಗಿದ್ದು ನನ್ನಿಂದಾನಾ? ತಾಯಿಯಿಂದ ಬಂದಿದ್ದಲ್ವಾ?"

"ತಾಯಿಯಿಂದ ಬಂದಿದ್ದಲ್ಲ."

"ನನ್ನಿಂದ ಬಂದಿದ್ದು."

"ಬಹುಪಾಲು, ಹೌದು. ತೊಳೆದು ಒದ್ದೆಯಲ್ಲೇ ಸುತ್ತಿದ್ದಕ್ಕೆ."

"ಇನ್ನೊಂದು ಸಲ ಹೇಳಿ."

"ನೀವು ತೊಳೆದಿದ್ದಕ್ಕೇ ಹೀಗಾಗಿದೆ," ಎಂದರು ಡಾಕ್ಟರಮ್ಮ, ಬೇರೆ ದಾರಿ ಕಾಣದೆ.

ಮಾವನ ಬಾಯಿ ಓರೆಯಾಯಿತು, ಗದ್ದ ನಡುಗಿತು. ಅಳುತ್ತಾರೆಂದು ನಾನು ಎದ್ದೆ. ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಟೋಪಿ ತೆಗೆದು ಮುಖ ಒರೆಸಿಕೊಂಡು ಮತ್ತೆ ನಗು.

"ನಂದು ತಪ್ಪು!" ಎಂದರು ಮಗನಿಗೆ. "ಕೇಳಿದ್ಯೇನೋ? ನಂದು! ಸದ್ಯ ಕಣೋ! ಬದುಕಿದ್ವಿ!"

ನನ್ನ ಗಂಡ ಜನ್ಮದಲ್ಲಿ ಮೊದಲ ಸಲ 'ಅದೂ ಸರಿ' ಎನ್ನಲು ಧೈರ್ಯ ಸಾಲದೆ ನಿಂತ.

ಉಳಿದ ಕಾಲುಗಳನ್ನು ತೆಗೆಯಲು ಸಂಜೆಯಾಗುತ್ತ ಬಂತು. ಮಾವ ಹೊರಗೆ ಹೋಗಲಿಲ್ಲ. ನನ್ನ ಪಕ್ಕದಲ್ಲೇ ಕೂತು ಬಾಚಣಿಗೆ ಕೊಡುವುದು, ಕತ್ತರಿ ಇಸಿದುಕೊಳ್ಳುವುದು, "ಇಲ್ಲೊಂದು ಎಳೆ ಉಳೀತು ನೋಡು," ಎಂದು ನನ್ನ ಕೆಲಸಕ್ಕೆ ಹೆಸರಿಡುವುದು ಎಲ್ಲ ಮಾಡಿದರು. ಕೂದಲೆಲ್ಲ ಹೋದ ಮೇಲೆ ಗೊಂಡೆಯ ಕಾಲು ಬೇರೆ ಯಾವುದೋ ಬಡಕಲು ಕುದುರೆಯದ್ದನ್ನು ಎರವಲು ತಂದ ಹಾಗಿತ್ತು. ಡಾಕ್ಟರಮ್ಮ ಔಷಧಿ ಹಚ್ಚಿ, ಇನ್ನು ಒಂದು ಹನಿ ನೀರು ತಾಗಿಸಬಾರದೆಂದೂ ಕೆಸರು ಬಿದ್ದರೆ ಒಣಗಲು ಬಿಟ್ಟು ಉದುರಿಸಬೇಕೆಂದೂ ಹೇಳಿದರು. ಹುಲ್ಲು ಪೂರ್ತಿ ಬದಲಾಯಿಸಬೇಕು, ವಾಸಿಯಾಗುವ ತನಕ ಕಾಡಿಗೆ ಹೋಗಬಾರದು. ಮಾವ ಒಂದೊಂದಕ್ಕೂ ಸ್ಕೂಲಿನ ಮಕ್ಕಳ ಹಾಗೆ ಹೂಂ ಹೂಂ ಎಂದರು.

"ದಿನಾ ಗಿರಾಕಿಗಳಿಗೆ ಒದ್ದೆ ಕೂದಲು ಗಂಟು ಕಟ್ಟಬೇಡಿ ಅಂತ ಭಾಷಣ ಬಿಗೀತೀಯಲ್ಲ," ಎಂದ ನನ್ನ ಗಂಡ, ಅವನಿಗೂ ಧೈರ್ಯ ವಾಪಸು ಬಂದಿತ್ತು. "ಮನೆ ಹಿಂದೆ ನಾಲ್ಕು ಗಂಟು ಇದ್ವು ನೋಡು."

"ಅವಳನ್ನ ಅನ್ನಬೇಡ," ಎಂದರು ಮಾವ ಗದರಿಸಿ. "ತಪ್ಪು ನಂದು. ಅದರಲ್ಲಿ ಯಾರಿಗೂ ಪಾಲಿಲ್ಲ."

ನಾವು ಕೈಕಾಲು ತೊಳೆದು ಅಡುಗೆಮನೆಗೆ ಬಂದು ಚಹಾಕ್ಕೆ ಇಟ್ಟಿದ್ದಷ್ಟೇ. ಮಾವ ಆಗಲೇ ಫೋನು ಹಿಡಿದು ದೂರದಲ್ಲಿರುವ ಮಗಳಿಗೆ, ಅಂದರೆ ನನ್ನ ನಾದಿನಿಗೆ, ಸುದ್ದಿ ಹೇಳುತ್ತಿದ್ದರು. ಫೋನಿನಲ್ಲಿ ಅವರು ಮಾತಾಡಿದರೆ ಫೋನೇ ಬೇಕಾಗಿಲ್ಲ, ಅಷ್ಟು ದನಿ.

"ನಂದೇ ತಪ್ಪು ಕಣೇ! ಹೂಂ, ಪೂರ್ತಿ ನಂದೇ! ಡಾಕ್ಟ್ರೇ ಹೇಳಿದ್ರು, ಎರಡು ಸಲ ಹೇಳಿದ್ರು! ಅದರ ತಾಯಿಯಿಂದ ಏನೂ ಬಂದಿಲ್ಲ ಅದಕ್ಕೆ. ಎಲ್ಲಾ ನಾನೇ ಮಾಡಿದ್ದು. ಏನು? ನಾನು ಚೆನ್ನಾಗೇ ಇದೀನಿ. ಅತ್ತಿಗೆಗಾ? ಯಾಕೆ? ತಗೋ ಕೊಟ್ಟೆ."

ಫೋನು ನನ್ನ ಕೈಗೆ ಬಂತು. ನಾದಿನಿಯ ದನಿ ಗಾಬರಿಯಲ್ಲಿ ಸಣ್ಣಗಾಗಿತ್ತು.

"ಅತ್ತಿಗೆ, ಅಪ್ಪಂಗೆ ಏನಾಯ್ತು? ತಪ್ಪು ನಂದು ಅಂತಿದಾರೆ! ಜ್ವರ ಇದ್ಯಾ? ಬಿದ್ದು ಗಿದ್ದು ತಲೆಗೆ ಏಟಾಯ್ತಾ? ನಿಜ ಹೇಳಿ, ಏನಾಯ್ತು?"

ನನಗೆ ನಗು ಬಂತು. ಎಲ್ಲವನ್ನೂ ವಿವರಿಸಬೇಕೆಂದು ಬಾಯಿ ತೆರೆದೆ. ಒಲೆಯ ಪಕ್ಕದಲ್ಲಿ ಮಾವ ಮಗನ ಊದಿದ ಕಾಲನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡು, ಐಸಿನ ಬಟ್ಟೆ ತೆಗೆದು, ಒಣ ಟವೆಲಿನಿಂದ ಮೆತ್ತಗೆ ಒತ್ತಿ ಒತ್ತಿ ಒರೆಸುತ್ತಿದ್ದರು.

"ಏನೂ ಆಗಿಲ್ಲ ಕಣೇ," ಎಂದೆ. ಅದು ನಿಜವಾಗಿತ್ತು. ಅಷ್ಟು ಹೇಳುವುದರೊಳಗೆ ಫೋನು ಹಿಡಿದುಕೊಂಡೇ ಅತ್ತುಬಿಟ್ಟೆ.